ಲಾಗ್ ಬರಹ ರ‍್ಯಾಮ್‌ನಲ್ಲೇ ಇರಲಿ, ಆದರೆ…

ಯಾರೂ ಮುಟ್ಟದೆ ಮೂಲೆಯಲ್ಲಿ ಕೂತ ಲಿನಕ್ಸ್ ಯಂತ್ರವೂ ಸುಮ್ಮನಿರುವುದಿಲ್ಲ. ಗಡಿಯಾರ ಸರಿಮಾಡಿಕೊಂಡೆ, ವೈಫೈ ತಪ್ಪಿತು, ಮತ್ತೆ ಸಿಕ್ಕಿತು, ಯಾರೋ ತಪ್ಪು ಪಾಸ್‌ವರ್ಡ್ ಕೊಟ್ಟರು ಎಂದು ಎಲ್ಲವನ್ನೂ ಲಾಗ್ ಫೈಲುಗಳಲ್ಲಿ ಗೀಚುತ್ತಲೇ ಇರುತ್ತದೆ. ದೊಡ್ಡ ಹಾರ್ಡ್ ಡಿಸ್ಕಿಗೆ ಇದು ಲೆಕ್ಕಕ್ಕಿಲ್ಲದ ಕೆಲಸ. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಥರದ ಬೋರ್ಡುಗಳ ಕಥೆ ಬೇರೆ. ಅಲ್ಲಿ ಇಡೀ ವ್ಯವಸ್ಥೆ ಒಂದು ಎಸ್‌ಡಿ ಕಾರ್ಡನ್ನು ನೆಚ್ಚಿಕೊಂಡಿರುತ್ತದೆ.

ಕಾರ್ಡಿನೊಳಗಿನ ಫ್ಲಾಶ್ ಮೆಮರಿಯಲ್ಲಿ ಒಮ್ಮೆ ಬರೆದ ಜಾಗವನ್ನು ಅಳಿಸದೆ ಮತ್ತೆ ಬರೆಯಲಾಗದು. ಬರೆಯುವುದು ಕೆಲವೇ ಕಿಲೋಬೈಟ್‌ಗಳ ಪುಟಗಳಲ್ಲಿ. ಅಳಿಸುವುದು ಮಾತ್ರ ಅಂಥ ನೂರಾರು ಪುಟಗಳ ಬ್ಲಾಕನ್ನು ಒಟ್ಟಿಗೇ. ಒಂದು ಅಕ್ಷರ ತಿದ್ದಲು ಇಡೀ ಸ್ಲೇಟು ಒರೆಸಿ ಮತ್ತೆ ಬರೆದ ಹಾಗೆ. ಎಂಬತ್ತು ಅಕ್ಷರದ ಲಾಗ್ ಸಾಲೊಂದು ಸೇರಿದರೆ, ಫೈಲಿನ ಅಳತೆ, ಸಮಯ ಇತ್ಯಾದಿ ಲೆಕ್ಕವನ್ನೂ ಫೈಲ್‌ಸಿಸ್ಟಮ್ ಮತ್ತೆ ಬರೆಯಬೇಕು. ಪ್ರತಿ ಬ್ಲಾಕ್ ತಾಳಿಕೊಳ್ಳುವ ಅಳಿಸುವಿಕೆಗೆ ಮಿತಿ ಇದೆ. ಅಗ್ಗದ ಕಾರ್ಡುಗಳಲ್ಲಿ ಆ ಮಿತಿಯೂ ಕಡಿಮೆ, ಸವೆತವನ್ನು ಹಂಚುವ ಜಾಣತನವೂ ಕಡಿಮೆ.

ಹಾಗಾದರೆ ಲಾಗನ್ನು ರ‍್ಯಾಮ್‌ನಲ್ಲೇ ಇಡಬಾರದೇಕೆ? ಲಿನಕ್ಸಿನಲ್ಲಿ 2.4ನೇ ಕರ್ನಲ್ ಕಾಲದಿಂದಲೂ ಟಿಎಂಪಿಎಫ್‌ಎಸ್ ಇದೆ. ನೋಡಲು ಮಾಮೂಲಿ ಫೋಲ್ಡರು, ಇರುವುದು ಮೆಮರಿಯಲ್ಲಿ. ಎಫ್‌ಎಸ್‌ಟ್ಯಾಬ್ ಫೈಲಿಗೆ ಒಂದು ಸಾಲು ಸೇರಿಸಿ ಲಾಗ್ ಫೋಲ್ಡರಿನ ಮೇಲೆ ಅದನ್ನು ಮೌಂಟ್ ಮಾಡಬಹುದು. ಗಾತ್ರ ಹೇಳದಿದ್ದರೆ ಅರ್ಧ ರ‍್ಯಾಮ್‌ವರೆಗೂ ಬೆಳೆಯಲು ಅದಕ್ಕೆ ಅನುಮತಿ ಇರುತ್ತದೆ, ಆದ್ದರಿಂದ ಮಿತಿ ಹಾಕಲೇಬೇಕು. ಸ್ವಾಪ್ ಜಾಗ ಅದೇ ಕಾರ್ಡಿನಲ್ಲಿದ್ದರೆ ಇನ್ನೊಂದು ತಮಾಷೆ: ಮೆಮರಿ ಬಿಗಿಯಾದಾಗ ಟಿಎಂಪಿಎಫ್‌ಎಸ್‌ನ ಪುಟಗಳು ಸ್ವಾಪ್ ದಾರಿಯಲ್ಲಿ ಮತ್ತೆ ಕಾರ್ಡಿಗೇ ಇಳಿಯುತ್ತವೆ. ಬೂಟ್ ಆದಾಗಲೆಲ್ಲ ಫೋಲ್ಡರು ಖಾಲಿ ಇರುವುದರಿಂದ, ತನ್ನ ಉಪಫೋಲ್ಡರು ಕಾಣದೆ ಎಂಜಿನೆಕ್ಸ್‌ನಂಥ ವೆಬ್ ಸರ್ವರ್ ಶುರುವಾಗಲು ಒಪ್ಪದೆಯೂ ಹೋಗಬಹುದು.

ಸಿಸ್ಟಮ್‌ಡಿ ಇರುವ ಯಂತ್ರದಲ್ಲಿ ಇಷ್ಟು ರಗಳೆ ಬೇಕಿಲ್ಲ. ಅದರ ಲಾಗ್ ಸೇವೆಯಾದ ಜರ್ನಲ್‌ಡಿಯ ಸಂರಚನೆಯಲ್ಲಿ ಸ್ಟೋರೇಜ್ ಎಂಬ ಆಯ್ಕೆಗೆ ವೊಲಟೈಲ್ ಎಂದು ಬರೆದರೆ ಅದರ ಜರ್ನಲ್ ಮೆಮರಿಯಲ್ಲೇ ಉಳಿಯುತ್ತದೆ. ಆದರೆ ಆರ್‌ಸಿಸ್‌ಲಾಗ್ ಎಂಬ ಇನ್ನೊಂದು ಲಾಗ್ ಸೇವೆ ಜೊತೆಗಿದ್ದರೆ ಅದು ತನ್ನ ಪಾಡಿಗೆ ಡಿಸ್ಕಿಗೆ ಬರೆಯುತ್ತಿರುತ್ತದೆ. ಅದನ್ನೂ ನೋಡಿಕೊಳ್ಳಿ.

ಕಷ್ಟವಿರುವುದು ಕರೆಂಟು ಹೋದಾಗ. ಯಂತ್ರ ಏಕೆ ಬಿತ್ತು ಎಂದು ತಿಳಿಯಲು ಬೇಕಾದ ಕೊನೆಯ ಸಾಲುಗಳೇ ರ‍್ಯಾಮ್ ಜೊತೆ ಹೋಗಿಬಿಡುತ್ತವೆ. ಲಾಗ್‌ಟುರ‍್ಯಾಮ್ ಎಂಬ ಸಲಕರಣೆ ಆಗಾಗ, ಮತ್ತೆ ಯಂತ್ರ ಸರಿಯಾಗಿ ಆಫ್ ಆಗುವಾಗ, ಮೆಮರಿಯ ಲಾಗನ್ನು ಕಾರ್ಡಿಗೆ ನಕಲು ಮಾಡುತ್ತದೆ. ಹಠಾತ್ತನೆ ನಿಂತರೆ ಹಿಂದಿನ ನಕಲಿನ ನಂತರದ್ದೆಲ್ಲ ಇಲ್ಲ. ಹಾಗಾಗಿ ತಾಪಮಾನ ಅಳೆಯುವ ಪೈಗೆ ಈ ಏರ್ಪಾಡು ಸಾಕು; ಒಳ್ಳೆಯ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪಿಗೆ ಇದು ಬೇಡದ ಉಸಾಬರಿ. ಪದೇ ಪದೇ ಬೀಳುವ ಯಂತ್ರವಾದರೆ ಆರ್‌ಸಿಸ್‌ಲಾಗ್ ಮೂಲಕ ಸಾಲುಗಳನ್ನು ನೆಟ್‌ವರ್ಕಿನ ಇನ್ನೊಂದು ಕಂಪ್ಯೂಟರಿಗೆ ಆಗಿಂದಾಗಲೇ ಕಳಿಸುವುದು ಮೇಲು. ಕರ್ನಲ್ಲೇ ಕುಸಿದಾಗಿನ ಸಂದೇಶ ಹಿಡಿಯಲು ನೆಟ್‌ಕನ್ಸೋಲ್ ಇದೆ, ಆದರೆ ಅದಕ್ಕೆ ವೈಫೈ ನೆಚ್ಚಿಕೊಳ್ಳದೆ ಈಥರ್‌ನೆಟ್ ಕೇಬಲ್ ಹಾಕಿ.