ಮಿನಿ ಟ್ರ್ಯಾಕ್ಟರ್ ಸಾಗಣೆ: ಭಾರವನ್ನು ನಂಬಬೇಡಿ, ಕಟ್ಟನ್ನು ನಂಬಿ

ಅಡಿಕೆ ತೋಟದ ಸಾಲುಗಳ ನಡುವೆ, ದ್ರಾಕ್ಷಿ ಚಪ್ಪರದ ಕೆಳಗೆ, ದಾಳಿಂಬೆ ಗಿಡಗಳ ಸಂದಿಯಲ್ಲಿ ದೊಡ್ಡ ಟ್ರ್ಯಾಕ್ಟರ್ ನುಗ್ಗುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಮಿನಿ ಟ್ರ್ಯಾಕ್ಟರ್. ಊರಿಗೆ ಒಂದೋ ಎರಡೋ ಇರುವ ಈ ಯಂತ್ರ ಬಾಡಿಗೆಗೆಂದು ಊರಿಂದೂರಿಗೆ ಓಡಾಡುತ್ತಲೇ ಇರುತ್ತದೆ. ರಸ್ತೆಯ ಮೇಲೆ ತಾನೇ ಓಡಿದರೆ ಗಂಟೆಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಆದ್ದರಿಂದ ದೂರದ ಕೆಲಸಕ್ಕೋ ಸರ್ವೀಸಿಗೋ ಹೊರಟಾಗ ಅದನ್ನು ಪಿಕಪ್, ಕ್ಯಾಂಟರ್ ಅಥವಾ ಟ್ರೇಲರ್ ಮೇಲೆ ಹೇರಿಕೊಂಡು ಹೋಗುವುದೇ ರೂಢಿ.

ಹೇರುವಾಗ ಎಲ್ಲರೂ ಎಚ್ಚರದಿಂದಿರುತ್ತಾರೆ. ದಿಣ್ಣೆ ಹುಡುಕಿ, ಗಾಡಿಯ ಹಿಂಬದಿಯನ್ನು ಅದಕ್ಕೆ ಒತ್ತಿ ನಿಲ್ಲಿಸಿ, ಎರಡೂ ಕಡೆ ಜನ ನಿಂತು ದಾರಿ ಹೇಳುತ್ತಾರೆ. ಟ್ರ್ಯಾಕ್ಟರ್ ಮೇಲೇರಿದ ಕೂಡಲೇ ಆ ಎಚ್ಚರ ಸಡಿಲವಾಗುತ್ತದೆ. ಕೈಗೆ ಸಿಕ್ಕ ಹಗ್ಗದಲ್ಲಿ ಎರಡು ಸುತ್ತು ಹಾಕಿ ಹೊರಟುಬಿಡುತ್ತಾರೆ. ಇದು ಬರೀ ಉದಾಸೀನವಲ್ಲ. ಇದರ ಹಿಂದೆ ವರ್ಷಗಳಿಂದ ಬಾಯಿಂದ ಬಾಯಿಗೆ ಬಂದ ಕೆಲವು ನಂಬಿಕೆಗಳಿವೆ. ಅವು ಜೀವಕ್ಕೆ ಎರವಾಗುವಂಥವು. ಒಂದೊಂದಾಗಿ ನೋಡೋಣ.

ನಂಬಿಕೆ 1: ಅಷ್ಟು ತೂಕದ ಯಂತ್ರ ಎಲ್ಲಿಗೆ ಜಾರೀತು?

ಸತ್ಯ: ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದಾಗ ಬಸ್ಸಿನಲ್ಲಿ ನಿಂತಿದ್ದ ಸಣಕಲು ಮನುಷ್ಯನೂ ಮುಗ್ಗರಿಸುತ್ತಾನೆ, ಭಾರಿ ಆಳೂ ಮುಗ್ಗರಿಸುತ್ತಾನೆ. ಟ್ರ್ಯಾಕ್ಟರ್ ವಿಷಯದಲ್ಲೂ ಅಷ್ಟೇ. ತೂಕ ಹೆಚ್ಚಾದಂತೆ ಟೈರಿನ ಹಿಡಿತ ಹೆಚ್ಚುತ್ತದೆ ಎಂಬುದು ನಿಜ. ಆದರೆ ಯಂತ್ರವನ್ನು ಮುಂದಕ್ಕೆ ನೂಕುವ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಭಾರದಿಂದ ಸಿಗುವ ಲಾಭ ಅಲ್ಲಿಗೆ ವಜಾ ಆಯಿತು.

ಲೆಕ್ಕ ಹಾಕಿ ನೋಡಿ. ಯುರೋಪಿನ ಇಎನ್ 12195-1 ಮಾನದಂಡವೂ ಅಮೆರಿಕದ ಸರಕು ಸಾಗಣೆ ನಿಯಮವೂ ಈ ವಿಷಯದಲ್ಲಿ ಒಂದೇ ಮಾತು ಹೇಳುತ್ತವೆ: ಸರಕಿನ ತೂಕದ ಶೇ. 80ರಷ್ಟು ಬಲವನ್ನು ಮುಂದಿನ ದಿಕ್ಕಿಗೆ, ಶೇ. 50ರಷ್ಟನ್ನು ಹಿಂದಕ್ಕೆ ಹಾಗೂ ಎರಡೂ ಪಕ್ಕಕ್ಕೆ ತಡೆಯುವಂತೆ ಭದ್ರಪಡಿಸಿರಬೇಕು. ಮಿನಿ ಟ್ರ್ಯಾಕ್ಟರಿಗೆ ರೋಟವೇಟರ್ ಸೇರಿಸಿ 1,000 ಕೆ.ಜಿ. ಎಂದಿಟ್ಟುಕೊಳ್ಳಿ. ಜೋರು ಬ್ರೇಕಿಗೆ ಅದು 800 ಕೆ.ಜಿ.ಯಷ್ಟು ಬಲದಿಂದ ಕ್ಯಾಬಿನ್ ಕಡೆಗೆ ಒತ್ತುತ್ತದೆ. ಒಣಗಿದ ಮರದ ಹಲಗೆಯ ಮೇಲೆ ರಬ್ಬರ್ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಗದ್ದೆಯಿಂದ ನೇರ ಬಂದ ಟೈರಿನ ಕೆಸರು, ಮಳೆಗೆ ನೆನೆದ ಕಬ್ಬಿಣದ ತಳ ಇವೆರಡೂ ಕೂಡಿದರೆ ಹಿಡಿತ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಗುಂಡಿಗೆ ಬಿದ್ದು ಗಾಡಿ ಕುಪ್ಪಳಿಸಿದ ಕ್ಷಣದಲ್ಲಂತೂ ಟೈರು ತಳವನ್ನು ಒತ್ತಿರುವುದೇ ಇಲ್ಲ, ಹಿಡಿತದ ಮಾತು ದೂರ.

ನಂಬಿಕೆ 2: ಹ್ಯಾಂಡ್ ಬ್ರೇಕ್ ಹಾಕಿ ಗೇರಿನಲ್ಲಿಟ್ಟರೆ ಆಯಿತು.

ಸತ್ಯ: ಬ್ರೇಕ್ ಚಕ್ರ ಉರುಳದಂತೆ ತಡೆಯುತ್ತದೆ, ಯಂತ್ರ ಜಾರದಂತೆ ತಡೆಯುವುದಿಲ್ಲ. ಅದರಲ್ಲೂ ಮಿನಿ ಟ್ರ್ಯಾಕ್ಟರಿನ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಹೊಲದಲ್ಲಿ ತಿರುಗಿಸಲು ಅನುಕೂಲವಾಗಲೆಂದು ಎಡ ಬಲಕ್ಕೆ ಬೇರೆ ಬೇರೆ ಪೆಡಲ್ ಇರುತ್ತವೆ. ಅವೆರಡನ್ನೂ ಜೋಡಿಸುವ ಚಿಲಕ ಹಾಕದೆ ಲಾಕ್ ಮಾಡಿದರೆ ಒಂದೇ ಚಕ್ರಕ್ಕೆ ಬ್ರೇಕ್ ಬಿದ್ದಿರುತ್ತದೆ. ಆದ್ದರಿಂದ ಪೆಡಲ್ ಜೋಡಿಸಿ ಲಾಕ್ ಮಾಡಿ, ಕಡಿಮೆ ವೇಗದ ಗೇರಿಗೆ ಹಾಕಿ, ಎಂಜಿನ್ ಆರಿಸಿ, ಕೀ ತೆಗೆದುಕೊಳ್ಳಿ. ಚಕ್ರಗಳ ಹಿಂದೆ ಮುಂದೆ ಮರದ ಬೆಣೆ ಕೊಡಿ. ದಾರಿಬದಿಯ ದುಂಡುಕಲ್ಲು ಬೇಡ, ಗಾಡಿಯ ಕುಲುಕಾಟಕ್ಕೆ ಅದೇ ಮೊದಲು ಉರುಳಿ ಹೋಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಇದು ಕಟ್ಟುವ ಮುಂಚಿನ ಸಿದ್ಧತೆಯಷ್ಟೇ.

ನಂಬಿಕೆ 3: ಮೇಲಿನಿಂದ ಒಂದು ಹಗ್ಗ ಹಾಯಿಸಿ ಬಿಗಿದರೆ ಅಲುಗಾಡುವುದಿಲ್ಲ.

ಸತ್ಯ: ಮೂಟೆಗಳಿಗೆ ಈ ಕ್ರಮ ಸರಿ. ಟ್ರ್ಯಾಕ್ಟರಿಗೆ ಅಲ್ಲ. ಬಾನೆಟ್ಟಿನ ಮೇಲೆ ಅಥವಾ ಸೀಟಿನ ಮೇಲೆ ಹಾಯ್ದ ಹಗ್ಗ ಯಂತ್ರವನ್ನು ಕೆಳಕ್ಕೆ ಒತ್ತುತ್ತದೆಯೇ ಹೊರತು ಮುಂದಕ್ಕೆ ಹಿಂದಕ್ಕೆ ಎಳೆದು ಹಿಡಿಯುವುದಿಲ್ಲ. ಮೇಲಾಗಿ ಬಾನೆಟ್ ತೆಳು ತಗಡು, ಅದು ನೆಗ್ಗಿದ ಮರುಕ್ಷಣವೇ ಹಗ್ಗ ಸಡಿಲ.

ಸರಿಯಾದ ಕ್ರಮದಲ್ಲಿ ನಾಲ್ಕು ಮೂಲೆಗೆ ನಾಲ್ಕು ಬೇರೆ ಬೇರೆ ಕಟ್ಟು ಇರುತ್ತವೆ. ಮುಂದಿನ ಎರಡು ಮುಂದಕ್ಕೂ ಹೊರಕ್ಕೂ ಎಳೆಯಬೇಕು, ಹಿಂದಿನ ಎರಡು ಹಿಂದಕ್ಕೂ ಹೊರಕ್ಕೂ ಎಳೆಯಬೇಕು. ಎದುರುಬದುರಾಗಿ ಎಳೆಯುವ ಈ ನಾಲ್ಕು ಕಟ್ಟುಗಳ ನಡುವೆ ಟ್ರ್ಯಾಕ್ಟರಿಗೆ ಯಾವ ದಿಕ್ಕಿಗೂ ಸರಿಯಲು ಎಡೆಯಿರುವುದಿಲ್ಲ. ಒಂದೇ ಉದ್ದ ಹಗ್ಗವನ್ನು ನಾಲ್ಕೂ ಕಡೆ ಸುತ್ತಿದರೆ ಅದು ನಾಲ್ಕು ಕಟ್ಟು ಆಗುವುದಿಲ್ಲ. ಒಂದು ಕಡೆ ಕಡಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ.

ಕಟ್ಟಿನ ಓರೆಯೂ ಮುಖ್ಯ. ಬೆಲ್ಟು ತಳದಿಂದ 45 ಡಿಗ್ರಿ ಮೇಲಕ್ಕೆ ಎದ್ದು, ಪಕ್ಕಕ್ಕೂ 45 ಡಿಗ್ರಿ ಹೊರಳಿದ್ದರೆ ಅದರ ಬಲದಲ್ಲಿ ಅರ್ಧ ಮಾತ್ರ ಮುಂದಿನ ಜಾರುವಿಕೆಯನ್ನು ತಡೆಯುತ್ತದೆ. ಟೈರಿನ ಹಿಡಿತವನ್ನು ನೆಚ್ಚದೆ ಲೆಕ್ಕ ಹಾಕಿದರೆ, ಮೇಲಿನ ಉದಾಹರಣೆಯ 800 ಕೆ.ಜಿ. ಬಲವನ್ನು ತಡೆಯಲು ಹಿಂದಿನ ಪ್ರತಿಯೊಂದು ಬೆಲ್ಟೂ 800 ಕೆ.ಜಿ. ಎಳೆತ ತಾಳಬೇಕು. ಬೆಲ್ಟನ್ನು ಗಿಡ್ಡವಾಗಿ, ನೆಟ್ಟಗೆ, 70 ಡಿಗ್ರಿಯಲ್ಲಿ ಕಟ್ಟಿದರೆ ಅದೇ ಕೆಲಸಕ್ಕೆ ಒಂದೊಂದೂ 1,650 ಕೆ.ಜಿ. ತಾಳಬೇಕಾಗುತ್ತದೆ. ಬೆಲ್ಟು ಅದೇ, ಟ್ರ್ಯಾಕ್ಟರೂ ಅದೇ. ಓರೆ ಬದಲಾದದ್ದಕ್ಕೇ ಹೊರೆ ಎರಡು ಪಟ್ಟಾಯಿತು.

ನಂಬಿಕೆ 4: ಗಟ್ಟಿ ಕಂಡ ಯಾವ ಕಬ್ಬಿಣಕ್ಕಾದರೂ ಕಟ್ಟಬಹುದು.

ಸತ್ಯ: ಟ್ರ್ಯಾಕ್ಟರಿನಲ್ಲಿ ಗಟ್ಟಿಯಾಗಿ ಕಾಣುವ ಎಷ್ಟೋ ಭಾಗಗಳು ಎಳೆತಕ್ಕೆಂದು ಮಾಡಿದವಲ್ಲ. ಸ್ಟೀರಿಂಗಿನ ಟೈ ರಾಡ್ ಬಾಗಿದರೆ ಮುಂದಿನ ಚಕ್ರಗಳ ದಿಕ್ಕೇ ಕೆಡುತ್ತದೆ. ಹೈಡ್ರಾಲಿಕ್ ಪೈಪಿನ ಮೇಲೆ ಚೈನು ಉಜ್ಜಿದರೆ ಆಯಿಲ್ ಸೋರುತ್ತದೆ. ಪಿಟಿಒ ಶಾಫ್ಟ್, ಮೆಟ್ಟಿಲು, ಮಡ್‌ಗಾರ್ಡ್, ಲೈಟಿನ ಪಟ್ಟಿ ಯಾವುದೂ ಬೇಡ. ಡ್ರೈವರನನ್ನು ಕಾಪಾಡಲೆಂದು ಸೀಟಿನ ಹಿಂದೆ ಇರುವ ಕಮಾನಿಗೂ ಕಟ್ಟಬಾರದು. ಹಿಂಬದಿಯಲ್ಲಿ ಆಕ್ಸಲ್ ಹೌಸಿಂಗ್ ಮತ್ತು ಡ್ರಾಬಾರ್, ಮುಂಬದಿಯಲ್ಲಿ ಆಕ್ಸಲ್ ಹೊತ್ತ ಎರಕದ ಭಾಗ ಅಥವಾ ಎಳೆಯಲೆಂದೇ ಕೊಟ್ಟಿರುವ ಕೊಕ್ಕೆ, ಇವು ಎಳೆತ ತಾಳುವ ಜಾಗಗಳು. ಯಂತ್ರದ ಜೊತೆ ಕೊಡುವ ಕೈಪಿಡಿಯಲ್ಲಿ ಈ ಜಾಗಗಳನ್ನು ತೋರಿಸಿದ್ದರೆ ಅದೇ ಅಂತಿಮ.

ಗಾಡಿಯ ಕಡೆಯೂ ಇಷ್ಟೇ ಎಚ್ಚರ ಬೇಕು. ಪಕ್ಕದ ಡಾಲಾ ತಗಡಿಗೆ ಬೆಸೆದ ಸಣ್ಣ ಕೊಕ್ಕೆ ತಾಡಪಾಲು ಬಿಗಿಯಲು ಇಟ್ಟದ್ದು. ಚಾಸಿಗೆ ಅಥವಾ ತಳದ ಅಡ್ಡಪಟ್ಟಿಗೆ ಸೇರಿದ ಬಳೆಗಳೇ ಆಗಬೇಕು. ಇಲ್ಲದಿದ್ದರೆ ಬಾಡಿ ಕಟ್ಟುವವರಲ್ಲಿ ಒಮ್ಮೆ ಹಾಕಿಸಿಕೊಳ್ಳಿ.

ನಂಬಿಕೆ 5: ನೈಲಾನ್ ಹಗ್ಗಕ್ಕಿಂತ ಗಟ್ಟಿ ಇನ್ನೇನಿದೆ?

ಸತ್ಯ: ನೈಲಾನ್ ಗಟ್ಟಿಯೇ, ಆದರೆ ಹಿಗ್ಗುತ್ತದೆ. ಹಗ್ಗ ಹಿಗ್ಗಿದಷ್ಟು ಟ್ರ್ಯಾಕ್ಟರ್ ಸರಿಯುತ್ತದೆ, ಸರಿದು ವೇಗ ಪಡೆದು ಮತ್ತೆ ಹಗ್ಗವನ್ನು ಜಗ್ಗುತ್ತದೆ. ಪ್ರತಿ ಜಗ್ಗಿಗೂ ಹೊರೆ ಹೆಚ್ಚು. ಅದರ ಮೇಲೆ ಗಂಟು ಹಾಕಿದ ಕಡೆ ಹಗ್ಗದ ತಾಕತ್ತು ಅರ್ಧದ ಹತ್ತಿರಕ್ಕೆ ಕುಸಿಯಬಹುದು. ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ.

ಪಾಲಿಯೆಸ್ಟರಿನ ರ‍್ಯಾಚೆಟ್ ಬೆಲ್ಟು ಕಡಿಮೆ ಹಿಗ್ಗುತ್ತದೆ, ಗಂಟು ಬೇಕಿಲ್ಲ. ಸುಮಾರು 50 ಮಿ.ಮೀ. ಅಗಲದ್ದು ಈ ಕೆಲಸಕ್ಕೆ ತಕ್ಕದ್ದು, ಬೈಕಿಗೆ ಕಟ್ಟುವ ಕಿರಿದಾದ ಬೆಲ್ಟು ಸಾಲದು. ಕೊಳ್ಳುವಾಗ ಚೀಟಿ ಓದಿ. ದೊಡ್ಡದಾಗಿ ಅಚ್ಚು ಹಾಕಿರುವುದು ಬಹುಮಟ್ಟಿಗೆ ಬೆಲ್ಟು ಹರಿಯುವ ಬಲ. ನೀವು ನೆಚ್ಚಬಹುದಾದದ್ದು ಅದರ ಅರ್ಧ ಅಥವಾ ಮೂರನೇ ಒಂದು ಪಾಲು ಮಾತ್ರ. ಚೂಪಾದ ಅಂಚು ಇರುವ ಕಡೆ ಹಳೆಯ ಟ್ಯೂಬಿನ ತುಂಡು ಕೊಟ್ಟು ಬೆಲ್ಟು ಹಾಯಿಸಿ. ಅಂಚು ಕಿತ್ತ, ಕೊಯ್ದ, ಎಣ್ಣೆ ಕುಡಿದ ಬೆಲ್ಟನ್ನು ಬೇರೆ ಕೆಲಸಕ್ಕೆ ಬಿಡಿ. ಚೈನಾದರೆ ಬಿಗಿಯುವ ಲೋಡ್ ಬೈಂಡರ್ ಸಹಿತ ಇರಬೇಕು. ಕೈಯಲ್ಲಿ ಎಳೆದು ಕೊಕ್ಕೆಗೆ ಸಿಕ್ಕಿಸಿದ ಚೈನು ಎಷ್ಟೇ ದಪ್ಪವಿರಲಿ, ಸಡಿಲವೇ.

ನಂಬಿಕೆ 6: ಹೊರಡುವಾಗ ಬಿಗಿದದ್ದು ಊರು ಮುಟ್ಟುವವರೆಗೂ ಬಿಗಿ.

ಸತ್ಯ: ಮಿನಿ ಟ್ರ್ಯಾಕ್ಟರಿಗೆ ಹಿಂದೆ ಸ್ಪ್ರಿಂಗ್ ಪಟ್ಟಿಗಳಿಲ್ಲ. ರಸ್ತೆಯ ಪೆಟ್ಟನ್ನು ಗಾಳಿ ತುಂಬಿದ ಟೈರೇ ತಡೆದುಕೊಳ್ಳುತ್ತದೆ. ಗುಂಡಿಯಲ್ಲಿ ಟೈರು ಅಮುಕಿದಾಗ ಕಟ್ಟು ಒಂದು ಕ್ಷಣ ಸಡಿಲಗೊಂಡು, ಕೊಕ್ಕೆ ಬಳೆಯಿಂದ ಜಾರಿಬಿಡಬಹುದು. ಆದ್ದರಿಂದ ಟೈರು ಸ್ವಲ್ಪ ಕುಗ್ಗುವಷ್ಟು ಬಿಗಿಯಬೇಕು. ಹಾಗೆಂದು ರ‍್ಯಾಚೆಟ್ ಹಿಡಿಗೆ ಪೈಪು ಸಿಕ್ಕಿಸಿ ಎಳೆಯಬಾರದು, ಹಲ್ಲು ಮುರಿಯುತ್ತದೆ. ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ, ನಾಲ್ಕೂ ಕಟ್ಟು ಮುಟ್ಟಿ ನೋಡಿ ಮತ್ತೆ ಬಿಗಿಯಿರಿ. ಮೊದಲ ಕೆಲವು ಕಿಲೋಮೀಟರಿನಲ್ಲೇ ಯಂತ್ರ ತನ್ನ ಜಾಗದಲ್ಲಿ ಕೂರುವುದು. ಆಮೇಲೆ ಚಹಾಕ್ಕೆ ನಿಂತಾಗಲೆಲ್ಲ ಒಂದು ಸುತ್ತು ನೋಡಿದರೆ ಸಾಕು.

ನಂಬಿಕೆ 7: ರೋಟವೇಟರನ್ನು ಹೈಡ್ರಾಲಿಕ್ ಹಿಡಿದಿರುತ್ತದೆ, ಅದಕ್ಕೆ ಬೇರೆ ಕಟ್ಟು ಏಕೆ?

ಸತ್ಯ: ಎಂಜಿನ್ ಆರಿದ ಮೇಲೆ ಹೈಡ್ರಾಲಿಕ್ ಎಣ್ಣೆ ನಿಧಾನವಾಗಿ ಸೋರಿ ಉಪಕರಣ ಕೆಳಗಿಳಿಯುತ್ತದೆ. ಕುಲುಕಾಟಕ್ಕೆ ಇನ್ನೂ ಬೇಗ. ಎತ್ತಿ ಕಟ್ಟಿದ ರೋಟವೇಟರ್ ಇಳಿದರೆ ಕಟ್ಟಿನ ಲೆಕ್ಕವೆಲ್ಲ ತಪ್ಪುತ್ತದೆ. ಹಾಗಾಗಿ ಅದನ್ನು ಮೊದಲೇ ತಳಕ್ಕೆ ಇಳಿಸಿ, ಅದಕ್ಕೊಂದು ಪ್ರತ್ಯೇಕ ಬೆಲ್ಟು ಹಾಕಿ. ಬಿಚ್ಚಿ ಬೇರೆಯಾಗಿ ಒಯ್ಯಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಬಾನೆಟ್ಟಿನ ಲಾಕ್ ಬಿದ್ದಿದೆಯೇ, ಟೂಲ್ ಬಾಕ್ಸ್ ಮುಚ್ಚಿದೆಯೇ ಎಂದೂ ನೋಡಿ.

ನಂಬಿಕೆ 8: ಗಾಡಿಯಲ್ಲಿ ಹಿಡಿಸಿದರೆ ಹೊತ್ತುಕೊಂಡು ಹೋಗುತ್ತದೆ.

ಸತ್ಯ: ಜಾಗ ಇರುವುದು ಬೇರೆ, ತೂಕ ತಾಳುವುದು ಬೇರೆ. ಮುಕ್ಕಾಲು ಟನ್ ಹೊರುವ ಪುಟ್ಟ ಗೂಡ್ಸ್ ಗಾಡಿಯ ಮೇಲೆ ರೋಟವೇಟರ್ ಸಮೇತ ಒಂದು ಟನ್ ಹೇರಿದರೆ ಗಾಡಿಯ ಬ್ರೇಕೂ ಸ್ಟೀರಿಂಗೂ ಮಾತು ಕೇಳುವುದಿಲ್ಲ. ಹಿಂದಿನ ಟೈರುಗಳಿಗೆ ನೀರು ತುಂಬಿಸಿದ್ದರೆ ಅದರ ತೂಕವನ್ನೂ ಸೇರಿಸಿ ಲೆಕ್ಕ ಹಾಕಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಮು ಮಿತಿ ಮೀರಿದ ಹೊರೆಗೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಹೇಳುತ್ತದೆ. ಮಿತಿ ಮೀರಿ ಬಾಡಿಯಿಂದ ಹೊರಕ್ಕೆ ಚಾಚಿದ ಹೊರೆಗೂ 20,000 ರೂಪಾಯಿ ದಂಡವಿದೆ.

ನಿಲ್ಲಿಸುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಪಿಕಪ್ಪಿನ ಹಿಂದಿನ ಆಕ್ಸಲ್‌ಗಿಂತ ಹಿಂದೆ ಭಾರ ಬಿದ್ದರೆ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗ್ ತೇಲುತ್ತದೆ. ಪಿಕಪ್ಪಿಗೋ ಜೀಪಿಗೋ ಕಟ್ಟಿದ ಟ್ರೇಲರ್ ಆದರೆ ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಭಾರ ಕೊಂಡಿಯ ಮೇಲೆ ಬೀಳುವಂತೆ ಟ್ರ್ಯಾಕ್ಟರನ್ನು ಮುಂದೆ ತಂದು ನಿಲ್ಲಿಸಬೇಕು. ಹಿಂಭಾರವಾದ ಟ್ರೇಲರ್ ವೇಗ ಹೆಚ್ಚಿದಂತೆ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗುತ್ತದೆ, ಎಳೆಯುವ ಗಾಡಿಯನ್ನೂ ರಸ್ತೆಯಿಂದ ಎಳೆದು ಹಾಕುತ್ತದೆ.

ನಂಬಿಕೆ 9: ಪಕ್ಕದ ಊರಿಗೆ, ಅದೂ ನಿಧಾನಕ್ಕೆ, ಇಷ್ಟೆಲ್ಲ ಬೇಕೆ?

ಸತ್ಯ: ನಿಧಾನ ಎಂದು ನಾವು ಅಂದುಕೊಳ್ಳುವ ವೇಗವೇ ತಿರುವಿನಲ್ಲಿ ಹೆಚ್ಚಾಗುತ್ತದೆ. ಆಗುಂಬೆ, ಚಾರ್ಮಾಡಿಯಂಥ ಘಾಟಿಯಲ್ಲಿ 15 ಮೀಟರ್ ತ್ರಿಜ್ಯದ ಒಂದು ತಿರುವು ಎಂದುಕೊಳ್ಳಿ. ಅಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಟ್ರ್ಯಾಕ್ಟರನ್ನು ಪಕ್ಕಕ್ಕೆ ತಳ್ಳುವ ಬಲ ಅದರ ತೂಕದ ಐದನೇ ಒಂದು ಭಾಗ. ವೇಗ 30ಕ್ಕೆ ಏರಿದರೆ ಅದು ತೂಕದ ಅರ್ಧದ ಹತ್ತಿರ. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟು. ಕಿರಿದಾದ, ಎತ್ತರದ ಮಿನಿ ಟ್ರ್ಯಾಕ್ಟರ್ ಜಾರುವ ಬದಲು ಮಗುಚಲೂಬಹುದು. ಪಕ್ಕದ ಊರಿನ ದಾರಿಯಲ್ಲೂ ತಿರುವು ಇರುತ್ತದೆ, ಉಬ್ಬು ಇರುತ್ತದೆ, ದಿಢೀರನೆ ಅಡ್ಡ ಬರುವ ದನ ಇರುತ್ತದೆ. ಬ್ರೇಕ್ ಒತ್ತುವ ಕ್ಷಣಕ್ಕೆ ದಾರಿಯ ಉದ್ದ ಗೊತ್ತಿರುವುದಿಲ್ಲ.

ನಂಬಿಕೆ 10: ಒಬ್ಬ ಹುಡುಗ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ಹಿಡಿದರೆ ಧೈರ್ಯ.

ಸತ್ಯ: ಈ ಪಟ್ಟಿಯಲ್ಲಿ ಅತಿ ಅಪಾಯದ ನಂಬಿಕೆ ಇದು. ನೂರಾರು ಕೆ.ಜಿ. ಬಲವನ್ನು ಯಾವ ಕಾಲೂ ಹಿಡಿಯಲಾರದು. ಟ್ರ್ಯಾಕ್ಟರ್ ಮಗುಚಿದರೆ ಅದರ ಅಡಿಗೆ ಸಿಗುವವನು ಅವನೇ. ತಗ್ಗಿಗೆ ಬಂದ ಕೊಂಬೆ, ಕರೆಂಟಿನ ತಂತಿ ಮೊದಲು ತಾಗುವುದೂ ಅವನಿಗೇ. ಕಟ್ಟು ಸರಿಯಿದ್ದರೆ ಅವನು ಅಲ್ಲಿ ಬೇಕಿಲ್ಲ. ಕಟ್ಟು ಸರಿಯಿಲ್ಲದಿದ್ದರೆ ಅವನು ಅಲ್ಲಿ ಇರಲೇಬಾರದು. ಕೂಲಿಗೆ ಬಂದ ಹುಡುಗ ಬೇಡವೆನ್ನಲು ಹಿಂಜರಿಯಬಹುದು. ಹಾಗಾಗಿ ಬೇಡ ಎನ್ನಬೇಕಾದವರು ನಾವು.

ಕೊನೆಯದಾಗಿ, ಕಟ್ಟುವುದು ಯಾರ ಕೆಲಸ ಎಂಬ ವಾದ. ಬಾಡಿಗೆ ಗಾಡಿಯ ಡ್ರೈವರ್ ಕಟ್ಟಿಕೊಳ್ಳುತ್ತಾನೆ ಎಂದು ಟ್ರ್ಯಾಕ್ಟರಿನ ಯಜಮಾನ ಅಂದುಕೊಳ್ಳುತ್ತಾನೆ. ಯಂತ್ರ ಯಾರದೋ ಅವರು ನೋಡಿಕೊಳ್ಳಲಿ ಎಂದು ಡ್ರೈವರ್ ಸುಮ್ಮನಿರುತ್ತಾನೆ. ಗಾಡಿಯ ಯಾವ ಬಳೆ ಎಷ್ಟು ತಾಳುತ್ತದೆ ಎಂಬುದು ಡ್ರೈವರಿಗೆ ಗೊತ್ತು, ಟ್ರ್ಯಾಕ್ಟರಿನ ಯಾವ ಭಾಗ ಎಳೆತ ತಾಳುತ್ತದೆ ಎಂಬುದು ಯಜಮಾನನಿಗೆ ಗೊತ್ತು. ಒಬ್ಬನ ತಿಳಿವಳಿಕೆ ಅರ್ಧ ಕಟ್ಟಿಗೆ ಮಾತ್ರ ಸಾಲುತ್ತದೆ. ಆದ್ದರಿಂದ ಇಬ್ಬರೂ ಕೂಡಿ ಕಟ್ಟಿ, ಇಬ್ಬರೂ ಒಂದು ಸುತ್ತು ಬಂದು ನೋಡಿ. ನಾಲ್ಕು ಬೆಲ್ಟು, ರೋಟವೇಟರಿಗೆ ಒಂದು ಹೆಚ್ಚಿನದು, ನಾಲ್ಕು ಮರದ ಬೆಣೆ, ಇಷ್ಟು ಟ್ರ್ಯಾಕ್ಟರಿನ ಜೊತೆಗೇ ಸದಾ ಇರಲಿ. ಸಾಲ ಮಾಡಿ ಕೊಂಡ ಯಂತ್ರ ಉಳಿಯುವುದೂ, ಹಿಂದಿನಿಂದ ಬೈಕಿನಲ್ಲಿ ಬರುತ್ತಿರುವ ಅಪರಿಚಿತರು ಮನೆ ಸೇರುವುದೂ ಈ ಕಟ್ಟಿನ ಮೇಲೆಯೇ ನಿಂತಿದೆ.