ಎಂಟರಲ್ಲಿ ಆರು: ಜನಪ್ರಿಯತೆಯೋ, ಬಲವೋ?

ಕಾಳಗದ ವಿಡಿಯೊ ಆಟಗಳಲ್ಲಿ ಆಟಗಾರರು ತಮಗಿಷ್ಟವಾದ ಪಾತ್ರವನ್ನು ಆರಿಸಿಕೊಂಡು ಸೆಣಸುತ್ತಾರೆ. 'ಟೆಕ್ಕೆನ್ 7' ಅಂತಹ ಒಂದು ಆಟ. 2019ರ ಡಿಸೆಂಬರ್‌ನಲ್ಲಿ ಅದಕ್ಕೆ ಲೀರಾಯ್ ಸ್ಮಿತ್ ಎಂಬ ಹೊಸ ಪಾತ್ರ ಸೇರಿತು. ಮರುತಿಂಗಳೇ ನಡೆದ 'ಇವೊ ಜಪಾನ್ 2020' ಪಂದ್ಯಾವಳಿಯಲ್ಲಿ ಕೊನೆಯ ಎಂಟು ಮಂದಿಯ ಪೈಕಿ ಆರು ಮಂದಿ ಆರಿಸಿಕೊಂಡದ್ದು ಇದೇ ಪಾತ್ರವನ್ನು!

ಆಟದಲ್ಲಿ ಆಗ 40ಕ್ಕೂ ಹೆಚ್ಚು ಪಾತ್ರಗಳಿದ್ದವು. ಎಲ್ಲವೂ ಸಮಾನವಾಗಿ ಆಯ್ಕೆಯಾಗುವುದಾದರೆ, ಎಂಟು ಮಂದಿಯಲ್ಲಿ ಒಂದು ಪಾತ್ರದ ಸರಾಸರಿ ಪಾಲು 8/40, ಅಂದರೆ 0.2ನ್ನೂ ಮುಟ್ಟದು. ಆದ್ದರಿಂದ ಇದು ಆಕಸ್ಮಿಕವಲ್ಲ. ಹಾಗೆಂದು ಪಾತ್ರವೇ ಬಲಶಾಲಿ ಎಂದು ತೀರ್ಮಾನಿಸಬಹುದೇ?

ದುಡುಕಬೇಡಿ. ಮೊದಲ ಸುತ್ತಿನಲ್ಲಿ ಅದನ್ನು ಆರಿಸಿದವರು ಎಷ್ಟು ಮಂದಿ ಎಂಬುದೂ ಬೇಕು. ಶೇಕಡ 70 ಮಂದಿ ಆರಿಸಿದ್ದರೆ, ಎಂಟರಲ್ಲಿ ಆರು ಸಹಜವೇ. ಶೇಕಡ 10 ಮಂದಿ ಮಾತ್ರ ಆರಿಸಿದ್ದರೆ ಅದು ಬಲದ ಸೂಚನೆ.

ಗೆಲುವಿನ ಪ್ರಮಾಣವನ್ನು ಲೆಕ್ಕಹಾಕುವಾಗ ಇನ್ನೊಂದು ತೊಡಕಿದೆ. ಎರಡೂ ಕಡೆ ಒಂದೇ ಪಾತ್ರವಿದ್ದರೆ ಒಂದು ಗೆಲುವು, ಒಂದು ಸೋಲು ಖಚಿತ. ಇಂತಹ ಪಂದ್ಯಗಳು ಹೆಚ್ಚಾದಷ್ಟೂ ಗೆಲುವಿನ ಪ್ರಮಾಣ ಶೇಕಡ 50ರತ್ತ ಜಾರುತ್ತದೆ; ಪಾತ್ರದ ಬಲ ಮರೆಯಾಗುತ್ತದೆ. ಅವನ್ನು ಲೆಕ್ಕದಿಂದ ಬಿಡಬೇಕು.

ಮಾದರಿಯ ಗಾತ್ರವೂ ಮುಖ್ಯ. ಪ್ರಮಾಣ p, ಮಾದರಿ n ಆದರೆ ಮಾನಕ ದೋಷ √[p(1−p)/n]. p = 0.75, n = 8 ಆದಾಗ ಇದು ಸುಮಾರು 0.15; n = 800 ಆದರೆ ಕೇವಲ 0.015. ಮಾದರಿ ನೂರು ಪಟ್ಟಾದರೆ ದೋಷ ಹತ್ತನೆಯ ಒಂದಂಶಕ್ಕೆ ಇಳಿಯುತ್ತದೆ.

2020ರಲ್ಲೇ ತಯಾರಕರು ಲೀರಾಯ್‌ನ ಬಲವನ್ನು ತಗ್ಗಿಸಿದರು. ಎಣಿಕೆಯನ್ನು ನಂಬಿ ನಿಯಮ ಬದಲಿಸುವವರು ಆಟದ ತಯಾರಕರಷ್ಟೇ ಅಲ್ಲ. ಯಾವುದೇ ಶೇಕಡಾವಾರು ಕಂಡಾಗ, 'ಎಷ್ಟರಲ್ಲಿ?' ಎಂದು ಕೇಳುವುದನ್ನು ವಿದ್ಯಾರ್ಥಿಗಳು ರೂಢಿಸಿಕೊಳ್ಳಲಿ.