ಹೆಡ್ ಬಿಚ್ಚುವ ಮುನ್ನ

ಬೇಸಿಗೆಯಲ್ಲಿ ಚಾರ್ಮಾಡಿ ಘಾಟಿ ಹತ್ತುವವರಿಗೆ ಬಾನೆಟ್ ಎತ್ತಿ ನಿಲ್ಲಿಸಿದ ಕಾರು ಹೊಸ ನೋಟವೇನಲ್ಲ. ಒಬ್ಬರು ನೀರಿನ ಬಾಟಲಿ ಹಿಡಿದು ನಿಂತಿರುತ್ತಾರೆ, ಇನ್ನೊಬ್ಬರು ಫೋನಿನಲ್ಲಿ ಮೆಕ್ಯಾನಿಕ್‌ಗೆ ವಿವರಿಸುತ್ತಿರುತ್ತಾರೆ. ಆ ಕಡೆಯಿಂದ ಎಷ್ಟೋ ಸಲ ಬರುವ ಮಾತು, "ಹೆಡ್ ಗ್ಯಾಸ್ಕೆಟ್ ಹೋಗಿರಬೇಕು, ಬಿಚ್ಚಿ ನೋಡೋಣ." ಬಿಚ್ಚಿದರೆ ಹತ್ತಾರು ಸಾವಿರ ರೂಪಾಯಿಯ ಕೆಲಸ. ಆದರೆ ಎಂಜಿನ್ ಕಾದದ್ದಕ್ಕೆ ಕಾರಣ ಕೆಲವೇ ನೂರು ರೂಪಾಯಿಯ ರೇಡಿಯೇಟರ್ ಮುಚ್ಚಳವೂ ಆಗಿರಬಹುದು. ಬಿಚ್ಚದೆಯೇ ಇದನ್ನು ಬಹುಮಟ್ಟಿಗೆ ಕಂಡುಹಿಡಿಯಬಹುದು.

ಪೆಟ್ರೋಲ್ ಉರಿದು ಹುಟ್ಟುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕಾರನ್ನು ಓಡಿಸುತ್ತದೆ. ಅಷ್ಟೇ ಪಾಲು ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಉಳಿದ ಶಾಖವನ್ನು ಹೆಚ್ಚುಕಮ್ಮಿ ಪೂರ್ತಿಯಾಗಿ ಕೂಲೆಂಟ್ ಹೊರಬೇಕು. ವಾಟರ್ ಪಂಪ್ ಅದನ್ನು ಎಂಜಿನ್ನಿನ ಒಳಗಿನ ಕಾಲುವೆಗಳಲ್ಲಿ ತಿರುಗಿಸುತ್ತದೆ. ಶಾಖ 82ರಿಂದ 90 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಥರ್ಮೋಸ್ಟಾಟ್‌ನೊಳಗಿನ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಕೂಲೆಂಟ್ ರೇಡಿಯೇಟರ್‌ಗೆ ಹೋಗಿ ಗಾಳಿಗೆ ಶಾಖ ಬಿಟ್ಟು ಮರಳುತ್ತದೆ.

ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ಗಮನ ಸಿಗುವುದು ಮುಚ್ಚಳಕ್ಕೆ. ಅದು ಕುಕ್ಕರಿನ ವೆಯ್ಟ್ ಇದ್ದಂತೆ, ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಹಲವು ಕಾರುಗಳ ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಅಚ್ಚಾಗಿರುತ್ತದೆ, ಅದು ಬಾರ್ ಲೆಕ್ಕದ ಒತ್ತಡ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 1.1 ಬಾರ್ ಒತ್ತಡ ಸೇರಿದರೆ ಅದೇ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದ್ದರೆ ಇನ್ನೂ ಹೆಚ್ಚು. ಮುಚ್ಚಳದ ಸ್ಪ್ರಿಂಗ್ ಸೋತರೆ ಅಥವಾ ರಬ್ಬರ್ ಬಿರಿದರೆ ಈ ಅಂತರವೇ ಇಲ್ಲವಾಗುತ್ತದೆ. ಬೇರೆಲ್ಲ ಸರಿಯಿದ್ದರೂ ನೀರು ಉಕ್ಕಿ ಹೊರಬರುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬಾರದು ಎನ್ನುವುದೂ ಇದೇ ಕಾರಣಕ್ಕೆ. ತೆಗೆದ ಕ್ಷಣ ಒತ್ತಡ ಇಳಿದು, ಅದುವರೆಗೆ ಸುಮ್ಮನಿದ್ದ ನೀರು ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ.

ಯಾವ ಭಾಗ ಕೆಟ್ಟಿದೆ ಎಂದು ಕೇಳುವ ಮೊದಲು, ಯಾವಾಗ ಕಾಯುತ್ತದೆ ಎಂದು ಕೇಳಿಕೊಳ್ಳಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್‌ನ ಟ್ರಾಫಿಕ್ಕಿನಲ್ಲಿ ಶಾಖದ ಗೇಜಿನ ಮುಳ್ಳು ಏರಿ, ಹೆದ್ದಾರಿಗೆ ಬಿದ್ದೊಡನೆ ಇಳಿದರೆ ಅನುಮಾನ ಫ್ಯಾನಿನ ಮೇಲೆ. ವೇಗದಲ್ಲಿ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಫ್ಯಾನೇ ಗತಿ. ಎ.ಸಿ. ಹಾಕಿ ನೋಡಿ, ಬಹುತೇಕ ಕಾರುಗಳಲ್ಲಿ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟರ್, ಈ ಕ್ರಮದಲ್ಲಿ ಪರೀಕ್ಷಿಸಿದರೆ ಸಾಕು. ಊರೊಳಗೆ ಸರಿಯಿದ್ದು ಘಾಟಿಯಲ್ಲಿ ಅಥವಾ ಹೆದ್ದಾರಿಯ ವೇಗದಲ್ಲಿ ಮಾತ್ರ ಕಾದರೆ ಕಥೆ ಬೇರೆ. ಆಗ ಹುಟ್ಟುವ ಶಾಖವನ್ನು ಸಾಗಿಸುವಷ್ಟು ಕೂಲೆಂಟ್ ಹರಿಯುತ್ತಿಲ್ಲ, ಅಥವಾ ರೇಡಿಯೇಟರ್ ಕಟ್ಟಿದೆ. ಬೋರ್‌ವೆಲ್‌ನ ಗಡಸು ನೀರು ತುಂಬುವ ಅಭ್ಯಾಸವಿದ್ದರೆ ಈ ಅನುಮಾನ ಬಲವಾಗುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಸುಣ್ಣವೇ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ, ಶಾಖಕ್ಕೆ ಗೋಡೆಯಾಗುತ್ತದೆ.

ತಣ್ಣಗಿದ್ದ ಎಂಜಿನ್ ಶುರುಮಾಡಿ ಸ್ವಲ್ಪ ಹೊತ್ತಿನಲ್ಲೇ ಮುಳ್ಳು ಕೆಂಪಿನತ್ತ ಓಡಿದರೆ ಎಂಜಿನ್ ನಿಲ್ಲಿಸಿ, ರೇಡಿಯೇಟರ್‌ಗೆ ಹೋಗುವ ಎರಡು ಹೋಸ್‌ಗಳಿಗೆ ಎಚ್ಚರದಿಂದ ಕೈಯೊಡ್ಡಿ ನೋಡಿ. ಎಂಜಿನ್ ನಿಂತಿದ್ದರೂ ಫ್ಯಾನ್ ತಾನಾಗಿ ತಿರುಗಬಹುದು, ಬೆರಳು ಅದರಿಂದ ದೂರವಿರಲಿ. ಮೇಲಿನದು ಸುಡುತ್ತಿದ್ದು ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ ಅಥವಾ ರೇಡಿಯೇಟರ್ ಕಟ್ಟಿದೆ. ಥರ್ಮೋಸ್ಟಾಟ್ ಬಿಚ್ಚಿದರೆ ಅದರ ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಅದರ ಮೇಲೆ ಅಚ್ಚಾದ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು. ಅದನ್ನು ತೆಗೆದೇ ಹಾಕಿ ಓಡಿಸಿ ಎಂದು ಕೆಲವು ಗ್ಯಾರೇಜುಗಳು ಹೇಳುವುದುಂಟು. ಆ ಸಲಹೆ ನನಗೆ ಒಪ್ಪಿಗೆಯಿಲ್ಲ. ಸರಿಯಾದ ಶಾಖಕ್ಕೆ ಬರದ ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಹಾಗಾದರೆ ಗ್ಯಾಸ್ಕೆಟ್? ಅದು ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ತೆಳು ಹಾಳೆ. ಹೆಡ್ ಅಲ್ಯೂಮಿನಿಯಂನದು, ಬ್ಲಾಕ್ ಎಷ್ಟೋ ಕಾರುಗಳಲ್ಲಿ ಎರಕದ ಕಬ್ಬಿಣದ್ದು. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟ್ ಬಿಗಿದು ಹಿಡಿದಿರುವ ಹೆಡ್ ಅತಿಯಾಗಿ ಕಾದಾಗ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹಿಡಿತ ಬಿಡುತ್ತದೆ. ಅಂದರೆ ಅನೇಕ ಸಲ ಗ್ಯಾಸ್ಕೆಟ್ ಹೋದದ್ದು ಎಂಜಿನ್ ಕಾದದ್ದರ ಪರಿಣಾಮ. ಕಾದ ಕಾರಣವನ್ನು ಹಾಗೇ ಬಿಟ್ಟು ಗ್ಯಾಸ್ಕೆಟ್ ಮಾತ್ರ ಬದಲಿಸಿದರೆ ಹೊಸದಕ್ಕೂ ಅದೇ ಗತಿ ಕಾದಿರುತ್ತದೆ.

ಗ್ಯಾಸ್ಕೆಟ್ ಹೋದದ್ದಕ್ಕೆ ಕುರುಹುಗಳಿವೆ. ನೀರು ಬಿಸಿಯಾಗುವ ಮೊದಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ರಿಸರ್ವ್ ಡಬ್ಬಿಯಲ್ಲಿ ಎಡೆಬಿಡದೆ ಗುಳ್ಳೆ ಏಳುವುದು, ಹೊರಗೆಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುವುದು, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಸಿಹಿ ವಾಸನೆಯ ಬಿಳಿ ಹೊಗೆ. ಆಯಿಲ್ ಮುಚ್ಚಳದ ಒಳಗೆ ಹಾಲಿನಂಥ ನೊರೆ ಕಂಡೊಡನೆ ಮಾತ್ರ ಗಾಬರಿ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟವಿದ್ದರೆ ಗಾಳಿಯ ತೇವವೇ ಅಲ್ಲಿ ಕೂತು ಹಾಗೆ ಕಾಣಬಹುದು. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆಯೂ ಹಾಗೇ ಇದ್ದರೆ ವಿಷಯ ಗಂಭೀರ.

ಇನ್ನೂ ನೇರವಾದ ಸಾಕ್ಷ್ಯ ಬ್ಲಾಕ್ ಟೆಸ್ಟ್. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು, ನೀರಿನ ಮಟ್ಟ ಸ್ವಲ್ಪ ಇಳಿಸಿ, ನೀಲಿ ದ್ರವ ತುಂಬಿದ ಪಾರದರ್ಶಕ ಕೊಳವೆಯನ್ನು ಬಾಯಿಗೆ ಕೂರಿಸುತ್ತಾರೆ. ಎಂಜಿನ್ ಶುರುಮಾಡಿ, ರಬ್ಬರ್ ಬುಗ್ಗೆ ಅದುಮಿ ರೇಡಿಯೇಟರ್‌ನ ಗಾಳಿಯನ್ನು ದ್ರವದ ಮೂಲಕ ಹಾಯಿಸುತ್ತಾರೆ. ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದ್ದರೆ ಅದರ ಇಂಗಾಲದ ಡೈಆಕ್ಸೈಡ್ ದ್ರವವನ್ನು ಆಮ್ಲೀಯಗೊಳಿಸಿ, ಪೆಟ್ರೋಲ್ ಎಂಜಿನ್ನಿನಲ್ಲಿ ನೀಲಿ ಹಸಿರಾಗಿ ಹಳದಿಗೆ ತಿರುಗುತ್ತದೆ. ಕೆಲವೇ ನಿಮಿಷದ ಕೆಲಸ. ನೀಲಿಯಾಗೇ ಉಳಿದರೆ ಗ್ಯಾಸ್ಕೆಟ್ ಪೂರ್ತಿ ನಿರಪರಾಧಿ ಎಂದಲ್ಲ, ಕೆಲವು ಬಿರುಕುಗಳು ಭಾರ ಬಿದ್ದಾಗಲೇ ಬಾಯಿ ಬಿಡುತ್ತವೆ. ಆಗ ಕೈಪಂಪಿನಿಂದ ಒತ್ತಡ ಹಾಕಿ ನೋಡುವ ಪರೀಕ್ಷೆಯಿದೆ. ಪಂಪಿನ ಗೇಜಿನ ಮುಳ್ಳು ಇಳಿದರೆ ನೀರು ಎಲ್ಲಿಗೋ ಹೋಗುತ್ತಿದೆ ಎಂದರ್ಥ.

ಶಾಖದ ಗೇಜನ್ನೂ ಕುರುಡಾಗಿ ನಂಬಬಾರದು. ನೀರು ಪೂರ್ತಿ ಖಾಲಿಯಾದಾಗ ಸೆನ್ಸರ್ ಬರೀ ಗಾಳಿಯಲ್ಲಿದ್ದು ಕಡಿಮೆ ಶಾಖ ತೋರಿಸಬಹುದು. ಕೆಂಪು ದೀಪ ಹತ್ತಿದರೆ ಹತ್ತಿರದ ಪೆಟ್ರೋಲ್ ಬಂಕಿನವರೆಗೆ ಹೋಗೋಣವೆಂಬ ಆಸೆ ಬಿಡಿ. ಹೀಟರ್ ಪೂರ್ತಿ ಹಾಕಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ಅದು ತಣಿಯುವವರೆಗೆ ತಣ್ಣೀರು ಸುರಿಯಬೇಡಿ.

ಗ್ಯಾರೇಜಿನಲ್ಲಿ ಹೆಡ್ ಬಿಚ್ಚಬೇಕೆಂದರೆ ಮೊದಲು ಬ್ಲಾಕ್ ಟೆಸ್ಟ್ ಮತ್ತು ಒತ್ತಡದ ಪರೀಕ್ಷೆಯನ್ನು ನಿಮ್ಮೆದುರೇ ಮಾಡಿಸಿ. ಬಿಚ್ಚಲೇಬೇಕಾದರೆ, ಹೆಡ್ ಸಮತಟ್ಟಾಗಿದೆಯೇ ಎಂದು ಮೆಷಿನ್ ಶಾಪಿನಲ್ಲಿ ಅಳೆಸಿ. ಎಂಜಿನ್ ಮೊದಲು ಕಾದದ್ದು ಏಕೆಂಬುದಕ್ಕೆ ಉತ್ತರ ಸಿಗುವವರೆಗೆ ಬಿಲ್ ಕಟ್ಟಬೇಡಿ.